ಹಾದಿ ಕಾಯುವವಳ ನೆರೆಹೊರೆ

ಸಾವಿಗೆ ಒಂದು ಕ್ರಮವುಂಟು. ಮನೆಯಲ್ಲಿ ಒಬ್ಬರು ತೀರಿಕೊಂಡರೆ ಯಾರು ಮುಂದಾಗಬೇಕು, ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾರ ಮನೆಯಿಂದ ರೊಟ್ಟಿಯ ಬುತ್ತಿ ಬರಬೇಕು, ಎಷ್ಟನೆಯ ದಿವಸ ಏನು ನಡೆಯಬೇಕು ಎಂಬುದೆಲ್ಲವೂ ಊರಿಗೆ ಗೊತ್ತಿರುತ್ತದೆ. ಅಳುವದಕ್ಕೆ ಒಂದು ವೇಳೆ, ಅಳು ನಿಲ್ಲಿಸಿ ಕೆಲಸಕ್ಕೆ ಕೈ ಹಾಕುವದಕ್ಕೆ ಒಂದು ವೇಳೆ. ದುಃಖವು ದೊಡ್ಡದಾಗಿದ್ದರೂ ಅದಕ್ಕೆ ಸುತ್ತಲೂ ಒಂದು ಒಡ್ಡು ಕಟ್ಟಿದಂತಿರುತ್ತದೆ. ಆದರೆ ಮನೆಯ ಹಿರಿಯನು ಸತ್ತನೆಂದು ಹೇಳುವಂತಿಲ್ಲದೆ, ಬದುಕಿರುವನೆಂದೂ ಹೇಳುವಂತಿಲ್ಲದೆ, ಒಂದು ನಸುಕಿನಲ್ಲಿ ಚಿಲಕ ತೆಗೆದುಕೊಂಡು ಹೊರಬಿದ್ದು ಮರಳಿ ಬಾರದೆ ಹೋದರೆ, ಆ ಮನೆಗೆ ಯಾವ ಕ್ರಮವೂ ಇಲ್ಲ. ಸಂತಾಪ ಹೇಳಲು ಬಂದವರು ಹೊಸ್ತಿಲಲ್ಲಿಯೇ ತೊದಲುವರು. ಅವನ ಹೆಂಡತಿಯನ್ನು ಏನೆಂದು ಕರೆಯಬೇಕು, ಅವಳೆದುರು ಅವನ ವಿಷಯವನ್ನು ಹಿಂದಿನ ಕಾಲದಲ್ಲಿ ಹೇಳಬೇಕೋ ಇಂದಿನ ಕಾಲದಲ್ಲಿ ಹೇಳಬೇಕೋ ಎಂಬುದು ಕೂಡ ತಿಳಿಯದೆ, ಮಾತಿನ ವ್ಯಾಕರಣವೇ ಅಲ್ಲಿ ಕೆಟ್ಟುಹೋಗುವದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಿಗೆ ಈ ಸಂಗತಿಯು ಇತ್ತಿತ್ತಲಾಗಿ ಹೆಚ್ಚು ಹತ್ತಿರದ್ದಾಗಿದೆ. ಬಡಗಣ ಅಂಚಿಗೆ ಭೀಮೆ, ತೆಂಕಣ ಅಂಚಿಗೆ ಕೃಷ್ಣೆ, ನಡುವೆ ಡೋಣಿ ಹರಿದರೂ ಈ ನಾಡು ಬಹುಕಾಲ ಮಳೆಯನ್ನೇ ನಂಬಿ ಬದುಕಿದ ನಾಡು. ಎರೆಯ ನೆಲವು ಕೈಬಿಟ್ಟ ವರುಷ ಜನರು ಗುಳೆ ಹೋಗುವದು ಹೊಸದಲ್ಲ. ಈಗಲೂ ದುಡಿಯುವ ವಯಸ್ಸಿನವರು ಪುಣೆ, ಮುಂಬಯಿ, ಗೋವೆ, ಬೆಂಗಳೂರುಗಳ ಕಡೆಗೆ ಹೋಗುವರು. ಕೆಲವರು ಕಬ್ಬಿನ ಹಂಗಾಮಿಗೆ ಗಡಿಯಾಚೆಯ ಮಹಾರಾಷ್ಟ್ರಕ್ಕೆ ನಡೆಯುವರು. ಊರಲ್ಲಿ ಉಳಿಯುವವರು ಮುದುಕ ಮುದುಕಿಯರು. ಎಂಬತ್ತರ ಗಂಡನಿಗೆ ಎಪ್ಪತ್ತೈದರ ಹೆಂಡತಿಯೇ ಕಾವಲು. ಅವಳ ಕಣ್ಣಿಗೆ ಪೊರೆ, ಮೊಳಕಾಲಿಗೆ ನೋವು. ಆದರೂ ಅವನು ಎದ್ದರೆ ಅವಳು ಏಳಬೇಕು, ಅವನು ಹೊರಗೆ ಹೊರಟರೆ ಅವಳು ಬಾಗಿಲಿಗೆ ನಿಲ್ಲಬೇಕು. ಇಂಥ ಮನೆಯಲ್ಲಿ ಒಂದು ಗಳಿಗೆಯ ಜೊಂಪು ಸಾಕು.

‘ಅರವತ್ತಕ್ಕೆ ಅರಳು ಮರಳು’ ಎಂದು ನಮ್ಮ ಗಾದೆ ಹೇಳುತ್ತದೆ. ಗಾದೆಯಲ್ಲಿ ವಾತ್ಸಲ್ಯವಿದೆ, ಕ್ಷಮೆಯೂ ಇದೆ. ಆದರೆ ಅದರಿಂದ ಒಂದು ಹಾನಿಯೂ ಆಗಿದೆ. ವಯಸ್ಸಾದವರೆಲ್ಲರೂ ಹೀಗೆಯೇ ಆಗುವರೆಂದು ತಿಳಿದ ಮನೆಯವರು, ಮುತ್ಯಾ ಮಗನ ಹೆಸರು ಮರೆತಾಗ ನಗುವರು, ಉಂಡಿಲ್ಲವೆಂದು ಮತ್ತೆ ತಾಟಿಗೆ ಕುಳಿತಾಗ ರೇಗುವರು. ಇದು ಬೇನೆಯೆಂಬುದನ್ನು ಮಾತ್ರ ಎಣಿಸುವದಿಲ್ಲ. 1901ನೆಯ ಇಸವಿಯಲ್ಲಿ ಜರ್ಮನಿಯ ಫ್ರಾಂಕಫುರ್ಟಿನ ಆಸ್ಪತ್ರೆಗೆ ಐವತ್ತೊಂದು ವರ್ಷದ ಹೆಂಗಸೊಬ್ಬಳನ್ನು ಅವಳ ಗಂಡನು ಕರೆತಂದನು. ಅವಳು ತನ್ನ ಹೆಸರನ್ನು ಸಹ ಸರಿಯಾಗಿ ಬರೆಯಲಾರದವಳಾಗಿದ್ದಳು. ಅವಳನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್ಜೈಮರನು, ಅವಳು ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ವಿಕಾರಗಳನ್ನು 1906ರಲ್ಲಿ ವೈದ್ಯರ ಸಭೆಯೊಂದರ ಮುಂದೆ ಇಟ್ಟನು. 1910ರಲ್ಲಿ ಆ ಬೇನೆಗೆ ಅವನ ಹೆಸರೇ ನಿಂತಿತು. ಮರೆವಿನ ಬೇನೆಗಳಲ್ಲಿ ಇದೇ ಹೆಚ್ಚಿನದು. ಭಾರತದಲ್ಲಿ ಅರವತ್ತು ದಾಟಿದವರೊಳಗೆ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ ಒಟ್ಟು 88 ಲಕ್ಷದಷ್ಟು ಜನರಿಗೆ, ಇಂಥ ಮರೆವಿನ ಬೇನೆಯಿರಬಹುದೆಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಅಂದಾಜು ಕಟ್ಟಿದೆ. ಆದುದರಿಂದ ಅರಳು ಮರಳೆಂಬುದು ವಯಸ್ಸಿನ ಆಟವಲ್ಲ; ಸಂಸಾರವು ಹೊರಬೇಕಾದ ಒಂದು ರೋಗ.

ಈ ಬೇನೆಯ ನಡೆಯಲ್ಲಿ ಒಂದು ವಿಚಿತ್ರವುಂಟು. ಅದು ಮೊದಲು ನಿನ್ನೆಯನ್ನು ಅಳಿಸುವದು. ಎಳೆತನವನ್ನು ಕೊನೆಗೆ ಅಳಿಸುವದು. ಮನೆಯ ಪಡಸಾಲೆಯಲ್ಲಿ ಕುಳಿತ ಮುದುಕನು ‘ಮನಿಗೆ ಹೋಗ್ತೀನಿ’ ಎಂದು ಏಳುವನು. ಇದೇ ನಿಮ್ಮ ಮನೆಯೆಂದು ಹೆಂಡತಿಯು ಎಷ್ಟು ಹೇಳಿದರೂ ಅವನಿಗೆ ನಂಬಿಗೆಯಾಗುವದಿಲ್ಲ. ಅವನು ಹುಡುಕುವ ಮನೆಯು ಅರುವತ್ತು ವರ್ಷ ಹಿಂದಿನದು. ಅಲ್ಲಿ ಅವನ ತಾಯಿ ಒಲೆಯ ಮುಂದಿದ್ದಾಳೆ, ಎತ್ತುಗಳು ಗೋದಲಿಯಲ್ಲಿವೆ. ಕೃಷ್ಣೆಯ ದಂಡೆಯ ಊರುಗಳಲ್ಲಿ ಈ ಮಾತಿಗೆ ಮತ್ತೊಂದು ಕಠಿಣವಾದ ಅರ್ಥವಿದೆ. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲು ಹಾಕಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರವೂ ಇನ್ನೆಷ್ಟೋ ಊರುಗಳೂ ಮುಳುಗಿದವು. ಜನರು ಎತ್ತರದ ಪುನರ್ವಸತಿಯ ಊರುಗಳಿಗೆ ಬಂದರು. ಅಲ್ಲಿ ನೇರವಾದ ಬೀದಿಗಳಿವೆ, ಒಂದರಂತೆ ಒಂದು ಮನೆಗಳಿವೆ. ನೆನಪು ಗಟ್ಟಿಯಿದ್ದವರು ಹೊಸ ಊರಿಗೆ ಹೊಂದಿಕೊಂಡರು. ಆದರೆ ಬೇನೆಯು ಇತ್ತೀಚಿನ ಮೂವತ್ತು ವರ್ಷಗಳನ್ನು ಅಳಿಸಿಬಿಟ್ಟ ಮುದುಕನಿಗೆ ಹೊಸ ಊರೆಂಬುದು ಇಲ್ಲವೇ ಇಲ್ಲ. ಅವನ ಕಾಲು ಹಳೆಯ ಊರಿನ ದಿಕ್ಕನ್ನೇ ಬಲ್ಲದು. ಆ ದಿಕ್ಕಿನಲ್ಲಿ ಈಗ ನೀರಿದೆ.

ಹೀಗೆ ಹೊರಟವರು ಹೇಗೆ ನಡೆಯುವರೆಂಬುದನ್ನು ಅಭ್ಯಾಸ ಮಾಡಿದವರಿದ್ದಾರೆ. ಅಮೆರಿಕದ ರಾಬರ್ಟ್ ಕೋಸ್ಟರ್ ಎಂಬಾತನು ಕಳೆದುಹೋದವರ ಸಾವಿರಾರು ಸಂಗತಿಗಳನ್ನು ಕೂಡಿಸಿ 2008ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮರೆವಿನ ಬೇನೆಯವರು ಸಾಮಾನ್ಯವಾಗಿ ಎದುರಿಗಿದ್ದ ದಾರಿಯನ್ನೇ ಹಿಡಿದು ಹೋಗುವರು. ಯಾವುದಾದರೂ ಅಡ್ಡ ಬಂದು ಸಿಕ್ಕಿಹಾಕಿಕೊಳ್ಳುವ ತನಕ ನಿಲ್ಲುವದಿಲ್ಲ. ಹೆಸರು ಹಿಡಿದು ಕೂಗಿದರೂ ಓಗೊಡುವದಿಲ್ಲ. ತಾವು ಕಳೆದುಹೋಗಿದ್ದೇವೆಂಬ ಅರಿವೇ ಇಲ್ಲದುದರಿಂದ ಸಹಾಯವನ್ನೂ ಕೇಳುವದಿಲ್ಲ. ಬಹಳ ಸಲ ಅವರು ಮನೆಯಿಂದ ತುಸು ದೂರದಲ್ಲಿಯೇ, ಪೊದೆಯಲ್ಲಿಯೋ ಹಳ್ಳದಲ್ಲಿಯೋ ಸಿಕ್ಕಿರುವರು. ಈ ಸೀಮೆಗೆ ಅದನ್ನು ಹೊಂದಿಸಿ ನೋಡಿದರೆ ಹುಡುಕುವವರ ಕಣ್ಣು ಎಲ್ಲಿಗೆ ಹೋಗಬೇಕೆಂಬುದು ತಾನೇ ತಿಳಿಯುವದು. ಕಾರ್ತಿಕದಲ್ಲಿ ತೊಗರಿಯ ಹೊಲವು ಆಳೆತ್ತರ ನಿಂತಿರುತ್ತದೆ. ಮಾಘದ ಜೋಳವೂ ಅಂಥದೇ. ಕಬ್ಬಿನ ಪಡದಲ್ಲಿ ಹತ್ತು ಹೆಜ್ಜೆ ಒಳಗೆ ಕುಳಿತವನು ದಾರಿಯಲ್ಲಿ ಹೋಗುವವನಿಗೆ ಕಾಣುವದಿಲ್ಲ. ಕಾಲುವೆ, ಕಟ್ಟೆಯಿಲ್ಲದ ಬಾವಿ, ಕೃಷಿಹೊಂಡ, ಹಳ್ಳದ ಮುಳ್ಳುಕಂಟಿ, ಇವುಗಳನ್ನು ಮೊದಲು ನೋಡತಕ್ಕದ್ದು. ಬೇಸಿಗೆಯ ಬಿಸಿಲು ನಾಲ್ವತ್ತು ಡಿಗ್ರಿ ದಾಟುವ ಈ ನಾಡಿನಲ್ಲಿ ನೀರಿಲ್ಲದೆ ಒಂದು ಹಗಲು ಕಳೆಯುವದೆಂದರೆ ಮುದಿಜೀವಕ್ಕೆ ಪ್ರಾಣಾಂತಿಕವೇ ಸರಿ. ಆದುದರಿಂದ ‘ಸಂಜೀಮಟಾ ಬರ್ತಾರ ಬಿಡ್ರಿ’ ಎಂದು ಸಮಾಧಾನ ಹೇಳುವವನು ಹಿತವನ್ನು ಬಯಸಿದರೂ ಅಹಿತವನ್ನೇ ಮಾಡುವನು. ಪೋಲೀಸರಿಗೆ ಹೇಳಲು ಇಪ್ಪತ್ತುನಾಲ್ಕು ತಾಸು ಕಾಯಬೇಕೆಂಬ ತಿಳುವಳಿಕೆ ಹಲವರಲ್ಲಿದೆ. ಅಂಥ ಕಾಯಿದೆ ಎಲ್ಲಿಯೂ ಇಲ್ಲ.

ಇನ್ನೊಂದು ದಾರಿ ರೈಲಿನದು. 1876ರಿಂದ 78ರ ವರೆಗಿನ ಮಹಾಬರದ ಅನಂತರ, 1884ರಲ್ಲಿ, ಗದಗದಿಂದ ಹೊಟಗಿಯ ತನಕ ಹಳಿಗಳು ಬಿದ್ದವು. ಬರ ಬಂದಾಗ ಕಾಳು ಒಳಗೆ ಬರಲೆಂದು ಹಾಕಿದ ದಾರಿಯಲ್ಲಿ ಜನರು ಹೊರಗೆ ಹೋಗುವದೂ ಸುಲಭವಾಯಿತು. ಬಾಗೇವಾಡಿ ರೋಡ ಇಲ್ಲವೆ ಇಂಡಿ ರೋಡ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದ ಮುದುಕನು ಸೊಲ್ಲಾಪುರದಲ್ಲಿ ಇಳಿದರೆ ಮರಾಠಿಯ ಸೀಮೆ. ಅಲ್ಲಿಂದ ಇನ್ನೊಂದು ಗಾಡಿ ಹತ್ತಿದನೆಂದರೆ ಯಾವ ಭಾಷೆಯ ಸೀಮೆಯೋ ಹೇಳಲು ಬಾರದು. ತನ್ನ ಊರಿನ ಹೆಸರನ್ನು ಮರೆತವನಿಗೆ ತನ್ನ ಭಾಷೆಯೇ ಕಟ್ಟಕಡೆಯ ಗುರುತು. ಅದನ್ನು ತಿಳಿಯುವವರು ಇಲ್ಲದ ಊರಿನಲ್ಲಿ ಆ ಗುರುತೂ ನಿರುಪಯೋಗ.

ಊರು ಒಂದು ಮನೆಯ ಸಂಗಡ ನಿಲ್ಲುವದು ಮೊದಲು ಇಂಥ ದಿವಸ. ಡಂಗುರ ಸಾರುವದು ಹಳೆಯ ಪದ್ಧತಿ. ಈಗ ಗುಡಿಯ ಮೈಕಿನಲ್ಲಿಯೂ ಮಸೂತಿಯ ಮೈಕಿನಲ್ಲಿಯೂ ಹೇಳಿಸುವರು. ಹುಡುಗರು ಮೋಟಾರು ಸೈಕಲ್ಲು ಹತ್ತಿ ನಾಲ್ಕು ದಿಕ್ಕಿಗೆ ಹೋಗುವರು. ಮುದುಕನ ಫೋಟೋ ಒಂದು ತಾಸಿನೊಳಗೆ ನಾಲ್ಕು ತಾಲೂಕಿನ ಮೊಬೈಲುಗಳಿಗೆ ಮುಟ್ಟುವದು. ಬಸ್ಸಿನ ಕಂಡಕ್ಟರರಿಗೂ ಚಹದ ಅಂಗಡಿಯವರಿಗೂ ಅದನ್ನು ತೋರಿಸುವರು. ಜಪಾನದ ಕುಶಿರೊ ಎಂಬ ಪಟ್ಟಣದಲ್ಲಿ ಇದೇ ಕೆಲಸಕ್ಕೆ 1994ರಲ್ಲಿ ಒಂದು ವ್ಯವಸ್ಥೆಯನ್ನು ಕಟ್ಟಿದರು. ಮುದುಕರೊಬ್ಬರು ಕಾಣೆಯಾದರೆಂಬ ಸುದ್ದಿ ಪೋಲೀಸರಿಗೆ ಬಂದ ಕೂಡಲೆ ಅದು ಟ್ಯಾಕ್ಸಿಯವರಿಗೂ ಪೆಟ್ರೋಲು ಅಂಗಡಿಗಳಿಗೂ ಆಕಾಶವಾಣಿಗೂ ಹೋಗುವದು. ಓಮುತ ಎಂಬ ಮತ್ತೊಂದು ಊರಿನವರು ವರುಷಕ್ಕೊಮ್ಮೆ ಒಬ್ಬನನ್ನು ದಾರಿ ತಪ್ಪಿದವನಂತೆ ಬೀದಿಯಲ್ಲಿ ನಡೆಯಿಸಿ, ಜನರು ಅವನನ್ನು ಗುರುತಿಸಿ ಮೆಲ್ಲಗೆ ಮಾತನಾಡಿಸುವ ರೂಢಿಯನ್ನು ಮಾಡಿಕೊಂಡರು. ಆ ದೇಶದಲ್ಲಿ 2023ನೆಯ ಒಂದೇ ವರ್ಷ ಮರೆವಿನ ಬೇನೆಯವರು ಕಾಣೆಯಾದ 19,039 ದೂರುಗಳು ಪೋಲೀಸರಿಗೆ ಬಂದಿದ್ದವು; ಬಹುಮಂದಿ ಸುರಕ್ಷಿತವಾಗಿ ಸಿಕ್ಕರು. ನಮ್ಮ ಹಳ್ಳಿಯಲ್ಲಿ ಇಂಥ ಶಿಕ್ಷಣವಿಲ್ಲ. ಆದರೆ ಒಬ್ಬರನ್ನೊಬ್ಬರು ಗುರುತಿಸುವ ಕಣ್ಣು ಇನ್ನೂ ಉಳಿದಿದೆ. ಅದನ್ನು ಒಂದು ವ್ಯವಸ್ಥೆಗೆ ತರುವದಷ್ಟೇ ಬೇಕಾದದ್ದು.

ಎರಡು ಮೂರು ದಿವಸಗಳ ತನಕ ಈ ಓಡಾಟ ನಡೆಯುವದು. ಆ ಮೇಲೆ ಗಂಡಸರು ತಂತಮ್ಮ ಕೆಲಸಕ್ಕೆ ಮರಳುವರು. ಆಗ ಮನೆಯಲ್ಲಿ ಉಳಿಯುವವಳು ಅವಳೊಬ್ಬಳು. ಅವಳ ಅತಿ ದೊಡ್ಡ ನೋವು ಅಗಲಿಕೆಯದಲ್ಲ, ಅಪರಾಧದ್ದು. ಇಂಥ ಮನೆಗಳಲ್ಲಿ ಆಗುವ ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ:

‘ನಾನು ನಿದ್ದಿ ಹತ್ತಿದ್ದೇ ತಪ್ಪಾತವಾ. ಚಿಲಕದ ಸಪ್ಪಳ ಕೇಳಿದಂಗಾತು, ಕನಸಂತ ತಿಳಿದು ಮಗ್ಗಲಾ ಹೊಳ್ಳಿದೆ.’

‘ಆಯಿ, ನೀವು ಎಷ್ಟು ರಾತ್ರಿ ಎಚ್ಚರಿದ್ರಿ ಅಂಬೂದು ಓಣಿಗೇ ಗೊತ್ತದ. ಹಗ್ಗಾ ಹಚ್ಚಿ ಕಟ್ಟಾಕ ಮುತ್ಯಾ ಏನ್ ದನಾನ್ರಿ? ಮನಶ್ಯಾರು ಅಲ್ಲೇನ್ರಿ?’

‘ಮಕ್ಕಳು ಬಂದು ಕೇಳಿದ್ರ ಏನ್ ಹೇಳ್ಲಿ?’

‘ನೀವೇನೂ ಹೇಳಬ್ಯಾಡ್ರಿ. ನಾವು ಹೇಳ್ತೀವ್ರಿ.’

ಈ ಕೊನೆಯ ಮಾತಿಗೆ ಯಾವ ನ್ಯಾಯಾಲಯದ ತೀರ್ಪಿಗಿಂತಲೂ ಕಡಿಮೆಯಲ್ಲದ ಬೆಲೆಯಿದೆ. ತೀರ್ಪಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಜಪಾನದ ಐಚಿ ಪ್ರಾಂತದಲ್ಲಿ 2007ರ ಡಿಸೆಂಬರದಲ್ಲಿ ಮರೆವಿನ ಬೇನೆಯ 91 ವರ್ಷದ ವೃದ್ಧನೊಬ್ಬನು, ಎಂಬತ್ತೈದರ ಹೆಂಡತಿಗೆ ತುಸು ಜೊಂಪು ಹತ್ತಿದಾಗ ಮನೆಯಿಂದ ಹೊರಬಿದ್ದು ರೈಲಿಗೆ ಸಿಕ್ಕು ಸತ್ತನು. ಗಾಡಿಗಳು ತಡವಾದ ನಷ್ಟವನ್ನು ಸಂಸಾರವೇ ಕೊಡಬೇಕೆಂದು ರೈಲು ಕಂಪನಿಯವರು ದಾವೆ ಹೂಡಿದರು. ಕೆಳಗಿನ ಕೋರ್ಟು ಹೌದೆಂದಿತು. ಮೇಲಿನ ಕೋರ್ಟು ಹಣವನ್ನು ಅರ್ಧಕ್ಕಿಳಿಸಿದರೂ ಹೆಂಡತಿಯ ಹೊಣೆಯನ್ನು ಉಳಿಸಿತು. ಕೊನೆಗೆ 2016ರ ಮಾರ್ಚ 1ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಗಂಡಹೆಂಡಿರೆಂಬ ಒಂದೇ ಕಾರಣದಿಂದ ಆ ವೃದ್ಧೆಯ ಮೇಲೆ ಹೊಣೆ ಬೀಳುವದಿಲ್ಲವೆಂದು ತೀರ್ಮಾನಿಸಿತು. ಅಪಘಾತವಾಗಿ ಎಂಟು ವರ್ಷಗಳ ಮೇಲೆ ಬಂದ ಈ ಬಿಡುಗಡೆಯನ್ನು, ಓಣಿಯ ಒಬ್ಬ ಹೆಣ್ಣುಮಗಳು ಮೂರನೆಯ ದಿವಸವೇ ಕೊಡಬಲ್ಲಳು. ನೆರೆಹೊರೆಯ ಮಾತಿಗೆ ಅಷ್ಟು ಬಲವುಂಟು. ಅದನ್ನು ಹಗುರಾಗಿ ಬಳಸಿದರೆ ಅಷ್ಟೇ ಕೇಡೂ ಉಂಟು. ‘ನೀವರೆ ಸ್ವಲ್ಪ ಲಕ್ಷ್ಯಾ ಇಡಬೇಕಿತ್ತು’ ಎಂಬ ಒಂದು ವಾಕ್ಯವು ಅವಳ ಉಳಿದ ಆಯುಷ್ಯವನ್ನು ಸುಟ್ಟುಬಿಡಬಹುದು.

ಅಪರಾಧದ ಬೆನ್ನ ಹಿಂದೆ ಬರುವದು ಅನಿಶ್ಚಯ. ಅಮೆರಿಕದ ಪಾಲಿನ್ ಬಾಸ್ ಎಂಬ ವಿದುಷಿಯು, ವಿಯೆಟ್ನಾಮ ಯುದ್ಧದಲ್ಲಿ ಕಾಣೆಯಾದ ವೈಮಾನಿಕರ ಹೆಂಡಂದಿರನ್ನು 1970ರ ದಶಕದಲ್ಲಿ ಕಂಡು ಮಾತನಾಡಿಸಿ, ಅವರ ದುಃಖಕ್ಕೆ ‘ಅಸ್ಪಷ್ಟವಾದ ಅಗಲಿಕೆ’ ಎಂಬರ್ಥದ ಹೆಸರನ್ನಿಟ್ಟಳು. 1999ರಲ್ಲಿ ಅದೇ ಹೆಸರಿನ ಗ್ರಂಥವನ್ನು ಬರೆದಳು. ಆಕೆಯ ವಿಚಾರದಲ್ಲಿ ಈ ಅಗಲಿಕೆಯು ಎರಡು ಬಗೆ. ಒಂದರಲ್ಲಿ ಮನುಷ್ಯನು ಕಣ್ಣ ಮುಂದೆ ಇಲ್ಲ, ಮನಸ್ಸಿನಲ್ಲಿ ಇದ್ದಾನೆ. ಇನ್ನೊಂದರಲ್ಲಿ ಕಣ್ಣ ಮುಂದೆ ಇದ್ದಾನೆ, ಆದರೆ ಅವನ ಮನಸ್ಸು ಇಲ್ಲ. ಮರೆವಿನ ಗಂಡನನ್ನು ಕಳೆದುಕೊಂಡವಳಿಗೆ ಇವೆರಡೂ ಒಂದರ ಮೇಲೊಂದು ಬಂದಿರುತ್ತವೆ. ಅವನು ತನ್ನನ್ನು ಹೆಂಡತಿಯೆಂದು ಗುರುತಿಸದೆ ‘ನೀ ಯಾರವ್ವಾ’ ಎಂದು ಕೇಳಿದ ದಿವಸವೇ ಅವಳು ಒಮ್ಮೆ ಅವನನ್ನು ಕಳೆದುಕೊಂಡಿದ್ದಳು. ಬಾಗಿಲು ತೆರೆದ ನಸುಕಿನಲ್ಲಿ ಎರಡನೆಯ ಸಲ ಕಳೆದುಕೊಂಡಳು. ಮೊದಲನೆಯದಕ್ಕೆ ಅವಳು ಯಾರ ಮುಂದೆಯೂ ಅಳಲಿಲ್ಲ.

ಹಣೆಯ ಕುಂಕುಮವೂ ಕೈಯ ಬಳೆಯೂ ಇಲ್ಲಿ ಪ್ರಶ್ನೆಯಾಗುವವು. ವರುಷ ತುಂಬಿದ ಮೇಲೆ ಕೆಲವರು ಒಳಗೊಳಗೇ ಮಾತನಾಡುವರು: ಮುತ್ತೈದೆಯ ಸಾಲಿನಲ್ಲಿ ಅವಳನ್ನು ಕೂರಿಸಬಹುದೋ ಬಾರದೋ ಎಂದು. ಪೂರ್ವಿಕರಿಗೂ ಈ ಪೇಚು ತಿಳಿಯದ್ದಲ್ಲ. ಪರಾಶರಸ್ಮೃತಿಯು ಹೆಂಡತಿಗೆ ಬರುವ ಆಪತ್ತುಗಳನ್ನು ಎಣಿಸುವಾಗ ಗಂಡನು ಕಾಣೆಯಾದುದನ್ನು ಅವನ ಸಾವಿಗಿಂತ ಮೊದಲೇ ಹೇಳುತ್ತದೆ. ಹನ್ನೆರಡು ವರುಷ ಕಾಯ್ದು, ದರ್ಭೆ ಪಲಾಶಗಳ ಪ್ರತಿಕೃತಿಯನ್ನು ಮಾಡಿ ಸಂಸ್ಕಾರ ನಡೆಯಿಸುವ ರೂಢಿಯೂ ಕೆಲ ಮನೆತನಗಳಲ್ಲಿತ್ತು. ಮುಸಲ್ಮಾನ ಹೆಂಗಸರಿಗೆ 1939ರ ವಿವಾಹವಿಚ್ಛೇದನದ ಕಾಯಿದೆಯು, ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಬಿಡುಗಡೆಯನ್ನು ಕೇಳುವ ಹಕ್ಕನ್ನು ಕೊಟ್ಟಿದೆ. ಆದರೆ ಇವೆಲ್ಲವೂ ಮುಂದೆ ಬದುಕು ಕಟ್ಟಿಕೊಳ್ಳಬೇಕಾದ ಎಳೆಯರ ಹಿತಕ್ಕಾಗಿ ಹುಟ್ಟಿದ ದಾರಿಗಳು. ಎಪ್ಪತ್ತೈದರವಳಿಗೆ ಬೇಕಾದುದು ಇನ್ನೊಂದು ಮದುವೆಯಲ್ಲ. ತನ್ನ ಬಳೆಗಳ ಮೇಲೆ ತನ್ನ ಅಧಿಕಾರ. ಇಟ್ಟುಕೊಳ್ಳುವದಾದರೂ ತೆಗೆಯುವದಾದರೂ ಅದು ಅವಳ ನಿರ್ಣಯ. ಆ ವಿಷಯದಲ್ಲಿ ಊರು ಮೌನವಾಗಿರುವದೇ ಧರ್ಮ.

ಸರಕಾರದ ಕಾಗದಗಳು ಮಾತ್ರ ಮೌನದಿಂದ ಮುಂದೆ ಸರಿಯುವದಿಲ್ಲ. ಹೊಲದ ಉತಾರದಲ್ಲಿ ಅವನ ಹೆಸರಿದೆ. ಬ್ಯಾಂಕಿನ ಪಾಸುಬುಕ್ಕೂ ಅವನದೇ. ಪಿಂಚಣಿ ಬರುತ್ತಿದ್ದರೆ ಅದೂ ಅವನ ಹೆಬ್ಬೆಟ್ಟಿಗೆ ಬರುವಂಥದು. ಮರಣದ ದಾಖಲೆಯಿಲ್ಲದೆ ಯಾವುದೂ ಅವಳ ಕಡೆಗೆ ತಿರುಗುವದಿಲ್ಲ. ಒಬ್ಬನ ಸುದ್ದಿಯನ್ನು ಸಹಜವಾಗಿ ಕೇಳಬೇಕಾಗಿದ್ದವರು ಏಳು ವರ್ಷ ಕೇಳದೆ ಇದ್ದರೆ, ಅವನು ಬದುಕಿದ್ದಾನೆಂದು ವಾದಿಸುವವರೇ ಅದನ್ನು ಸಿದ್ಧಮಾಡಬೇಕೆಂದು 1872ರ ಸಾಕ್ಷ್ಯದ ಕಾಯಿದೆಯ 108ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 111ನೆಯ ಕಲಮಾಗಿ ಉಳಿದಿದೆ. ಏಳು ವರ್ಷವೆಂಬುದು ಕಾಯಿದೆಯ ಎಣಿಕೆಯಲ್ಲಿ ಸಣ್ಣದು, ಮುದುಕಿಯ ಆಯುಷ್ಯದಲ್ಲಿ ದೊಡ್ಡದು. ಅಲ್ಲದೆ ಈ ಊಹೆಯು ಸಾವನ್ನು ಹೇಳುವದೇ ಹೊರತು ಸಾವಿನ ದಿವಸವನ್ನು ಹೇಳುವದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವವಿಮೆಯ ಮೊಕದ್ದಮೆಯೊಂದರಲ್ಲಿ ಸ್ಪಷ್ಟಪಡಿಸಿದೆ. ಇದರ ಫಲವೇನೆಂದರೆ, ಗಂಡನು ಕಾಣೆಯಾದನೆಂದು ವಿಮೆಯ ಕಂತನ್ನು ನಿಲ್ಲಿಸಿಬಿಟ್ಟವರು ಏಳು ವರ್ಷಗಳ ಮೇಲೆ ಹೋದರೆ, ವಿಮೆಯು ಮುಗಿದುಹೋದ ಮಾತಾಗಿರಬಹುದು. ಇದನ್ನು ಮೊದಲ ತಿಂಗಳಲ್ಲಿಯೇ ಅವಳಿಗೆ ತಿಳಿಸಿ ಹೇಳುವವರು ಬೇಕು. ದೂರು ಕೊಟ್ಟ ಪ್ರತಿಯನ್ನು ಜೋಪಾನವಾಗಿ ಇಡಬೇಕು, ಹುಡುಕಿದ್ದಕ್ಕೆ ದಾಖಲೆಯಿರಬೇಕು. ಊರಿನ ಶಾಲೆಯ ಮಾಸ್ತರರೋ, ನಿವೃತ್ತ ಗುಮಾಸ್ತರೋ, ಕಾಲೇಜು ಓದುವ ಹುಡುಗಿಯೋ ಒಂದು ದಿವಸ ಅವಳ ಬಳಿ ಕುಳಿತು ಕಾಗದಗಳನ್ನು ವಿಂಗಡಿಸಿ ಒಂದು ಚೀಲದಲ್ಲಿ ಹಾಕಿಕೊಟ್ಟರೆ, ಅದು ಹತ್ತು ಸಾಂತ್ವನದ ಮಾತುಗಳಿಗಿಂತ ಹೆಚ್ಚಿನದು.

ಸುದ್ದಿಗಳ ಕಾಟವು ಬೇರೆಯೇ ಇದೆ. ಪಂಢರಪುರದ ದಿಂಡಿಯಲ್ಲಿ ಕಂಡೆವೆಂದು ಒಬ್ಬರು, ಗಾಣಗಾಪುರದ ಸಂಗಮದಲ್ಲಿ ಕುಳಿತಿದ್ದರೆಂದು ಇನ್ನೊಬ್ಬರು, ಶ್ರೀಶೈಲದ ಪಾದಯಾತ್ರೆಯಲ್ಲಿ ಕಂಬಳಿ ಹೊದ್ದು ಹೊರಟಿದ್ದರೆಂದು ಮತ್ತೊಬ್ಬರು. ಪ್ರತಿಯೊಂದು ಸುದ್ದಿಗೂ ಅವಳ ಎದೆ ಎದ್ದು ಬೀಳುವದು. ಕೆಲವರದು ಕಣ್ತಪ್ಪು, ಕೆಲವರದು ಒಳ್ಳೆಯ ಮನಸ್ಸಿನ ಕಲ್ಪನೆ. ಆದರೆ ‘ಮುದುಕ ನಮ್ಮ ಬಳಿ ಇದ್ದಾನೆ, ಮೊದಲು ಹಣ ಕಳಿಸಿರಿ’ ಎಂದು ದೂರವಾಣಿಯಲ್ಲಿ ಹೇಳುವ ಕಳ್ಳರೂ, ಅಂಜನ ಹಾಕಿ ಹೇಳುವೆನೆಂದು ಬರುವವರೂ ಈ ಲೋಕದಲ್ಲಿ ಇಲ್ಲವೆಂತಲ್ಲ. ಆದುದರಿಂದ ಫೋಟೋದ ಕೆಳಗೆ ಅವಳ ನಂಬರನ್ನು ಕೊಡದೆ, ಧೈರ್ಯವಂತನೂ ತಾಳ್ಮೆಯುಳ್ಳವನೂ ಆದ ಒಬ್ಬ ಬಂಧುವಿನ ನಂಬರನ್ನು ಕೊಡುವದು ಲೇಸು. ಬಂದ ಸುದ್ದಿಯನ್ನು ಅವನು ಜರಡಿ ಹಿಡಿದು, ಉಳಿದುದನ್ನು ಮಾತ್ರ ಅವಳಿಗೆ ಮುಟ್ಟಿಸಬೇಕು. ಗುರುತು ಸಿಕ್ಕದ ಶವವೆಂದು ಪೋಲೀಸರು ಕರೆದಾಗಲೂ ಮೊದಲು ಹೋಗತಕ್ಕವನು ಅವನೇ. ತೋಳಿನ ಮೇಲೆ ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ, ಮೊಳಕಾಲ ಮೇಲಿನ ಹಳೆಯ ಗಾಯದ ಕಲೆ, ಇಂಥ ಗುರುತುಗಳನ್ನು ಮೊದಲೇ ಅವಳಿಂದ ಕೇಳಿ ಬರೆದಿಟ್ಟುಕೊಂಡಿದ್ದರೆ, ಎಷ್ಟೋ ಸಲ ಅವಳನ್ನು ಶವಾಗಾರದ ಬಾಗಿಲಿಗೆ ಕರೆದೊಯ್ಯುವ ಪ್ರಸಂಗವೇ ತಪ್ಪುವದು.

ಮೂರನೆಯ ತಿಂಗಳು ನಿಜವಾದ ಪರೀಕ್ಷೆಯ ಕಾಲ. ಆ ಹೊತ್ತಿಗೆ ಬರುವವರು ಕಡಿಮೆಯಾಗುವರು. ಅದು ಜನರ ಕಠಿಣತನವಲ್ಲ. ಹೇಳಲು ಹೊಸ ಮಾತಿಲ್ಲದ ಸಂಕೋಚ. ಆದರೆ ಮಾತು ಬೇಕೆಂಬುದೇ ತಪ್ಪು ತಿಳುವಳಿಕೆ. ಹಿಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದ್ದು, ಅವುಗಳಲ್ಲಿ ‘ಗರತಿಯ ಹಾಡು’ 1931ರಲ್ಲಿ ಬೆಳಕು ಕಂಡದ್ದು ವಾಚಕರಿಗೆ ತಿಳಿದ ವಿಷಯ. ಆ ಹಾಡುಗಳು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಬೀಸುವಾಗ ಇಬ್ಬರು ಎದುರುಬದುರು ಕುಳಿತುಕೊಳ್ಳುವರು. ಕೈ ಒಂದೇ ಗೂಟವನ್ನು ಹಿಡಿದಿರುವದು, ಕಣ್ಣು ಕಣ್ಣನ್ನು ನೋಡಬೇಕೆಂಬ ಕಡ್ಡಾಯವಿಲ್ಲ, ಉತ್ತರ ಕೊಡಬೇಕೆಂಬ ಹಂಗಿಲ್ಲ. ಮುಖಕ್ಕೆ ಮುಖವಿಟ್ಟು ಕೇಳಿದರೆ ಹೊರಡದ ದುಃಖವು, ಕೆಲಸದ ಜೊತೆಯಲ್ಲಿ ತಾನಾಗಿ ಹೊರಡುತ್ತಿತ್ತು. ಈಗ ಗಿರಣಿ ಬಂದಿದೆ. ಬೀಸುವ ಕಲ್ಲು ಮೂಲೆಗೆ ಸೇರಿದೆ. ಆದರೂ ಸೊಪ್ಪು ಸೋಸುವ, ತೊಗರಿ ಹಸನು ಮಾಡುವ, ಹಪ್ಪಳ ಲಟ್ಟಿಸುವ ಕೆಲಸ ನಿಂತಿಲ್ಲ. ನೆರೆಯವಳು ತನ್ನ ಮರವನ್ನು ಎತ್ತಿಕೊಂಡು ಬಂದು ಅವಳ ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡಿದರೆ ಸಾಕು. ಸಾಂತ್ವನಕ್ಕೆ ಬಂದೆನೆಂದು ಹೇಳಬೇಕಾಗಿಯೇ ಇಲ್ಲ. ಆಗ ಅವಳು ತಾನಾಗಿಯೇ ಹೇಳಬಹುದು, ‘ನಮ್ಮ ಮನಿಯವರಿಗೆ ಕಾರ ಹುಣ್ಣಿವಿ ಅಂದ್ರ ಭಾಳ ಖುಷಿ, ಎತ್ತಿನ ಕೋಡಿಗೆ ತಾವಽ ಬಣ್ಣಾ ಹಚ್ಚವ್ರು’ ಎಂದು. ಅದನ್ನು ಕೇಳಿಸಿಕೊಳ್ಳುವದೇ ಸೇವೆ. ಬಸವಣ್ಣನವರು ಹುಟ್ಟಿದ ಈ ಮಣ್ಣಿನಲ್ಲಿ ದಾಸೋಹವೆಂಬ ಶಬ್ದವು ಅನ್ನಕ್ಕೆ ಮಾತ್ರ ಮೀಸಲಾಗಿರಬೇಕಿಲ್ಲ; ಹೊತ್ತನ್ನು ಕೊಡುವದೂ ದಾಸೋಹವೇ.

ಹೋದವರು ಬಂದ ಉದಾಹರಣೆಗಳೂ ಇವೆ. ಪ್ರಯಾಗದ ಮೇಳದಲ್ಲಿ ಜನಸಂದಣಿಯಲ್ಲಿ ತಪ್ಪಿಸಿಕೊಂಡವರಿಗಾಗಿ ರಾಜಾರಾಮ ತಿವಾರಿ ಎಂಬವರು 1946ರಲ್ಲಿ ಆರಂಭಿಸಿದ ಶಿಬಿರವು, ಅವರು 2016ರಲ್ಲಿ ತೀರಿಕೊಂಡ ಮೇಲೆಯೂ ನಡೆದುಬಂದಿದೆ. ಮಹಾರಾಷ್ಟ್ರದ ಕರ್ಜತದಲ್ಲಿ ಡಾಕ್ಟರ ಭರತ ವಾಟವಾನಿಯವರ ಶ್ರದ್ಧಾ ಪ್ರತಿಷ್ಠಾನವು, ಬುದ್ಧಿ ಕದಡಿ ಬೀದಿಯಲ್ಲಿ ಅಲೆಯುವವರನ್ನು ಕರೆತಂದು, ಔಷಧ ಕೊಟ್ಟು, ಅವರ ಬಾಯಿಂದ ಊರಿನ ಹೆಸರು ಹೊರಡುವ ತನಕ ಕಾಯ್ದು ಮನೆಗೆ ಮುಟ್ಟಿಸುವ ಕೆಲಸವನ್ನು ನಡೆಯಿಸುತ್ತಿದೆ. ಅದಕ್ಕಾಗಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2024ರ ಡಿಸೆಂಬರದಲ್ಲಿಯಂತೂ ಕರ್ನಾಟಕದ ಹೆಣ್ಣುಮಗಳೊಬ್ಬಳು ಹಿಮಾಚಲ ಪ್ರದೇಶದ ವೃದ್ಧಾಶ್ರಮದಲ್ಲಿ ಪತ್ತೆಯಾದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಕಾಣೆಯಾದ ಅವಳು ಸತ್ತಳೆಂದು ತಿಳಿದು ಮನೆಯವರು ಕರ್ಮಾಂತರವನ್ನೂ ಮುಗಿಸಿದ್ದರು. ಆ ಸೀಮೆಯಲ್ಲಿ ನೌಕರಿಯಲ್ಲಿದ್ದ ಕನ್ನಡ ಬಲ್ಲ ಅಧಿಕಾರಿಗಳು ಅವಳೊಡನೆ ಕನ್ನಡದಲ್ಲಿ ಮಾತನಾಡಿದ ಮೇಲೆ ಊರಿನ ಗುರುತು ಹತ್ತಿತು. ಮಕ್ಕಳು ಮತ್ತೆ ತಾಯಿಯನ್ನು ಕಂಡರು. ಈಗ ವೃದ್ಧರಿಗಾಗಿ 2021ರಿಂದ ದೇಶದಲ್ಲೆಲ್ಲ 14567 ಎಂಬ ಸಹಾಯವಾಣಿಯೂ ಇದೆ. ದಿಕ್ಕಿಲ್ಲದೆ ಕುಳಿತ ಮುದುಕರನ್ನು ಕಂಡವರು ಅಲ್ಲಿಗೆ ತಿಳಿಸಬಹುದು.

ಆದರೆ ಈ ಉದಾಹರಣೆಗಳನ್ನು ಅವಳ ಮುಂದೆ ಹೇಳುವಾಗ ಜಾಗರೂಕತೆ ಬೇಕು. ಆಸೆಯೂ ಒಂದು ಭಾರವೇ. ‘ಬಂದೇ ಬರ್ತಾರ’ ಎನ್ನುವವನು ಅವಳಿಗೆ ಬಾಗಿಲನ್ನು ಮುಚ್ಚಲಾರದಂತೆ ಮಾಡುವನು. ‘ಇನ್ನ ಮರ್ತಬಿಡ್ರಿ’ ಎನ್ನುವವನು ಅವಳ ಎದುರಿಗೇ ಬಾಗಿಲನ್ನು ಹಾಕುವನು. ಇವೆರಡರ ನಡುವೆ ಒಂದು ದಾರಿಯುಂಟು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು, ಆ ಗೊತ್ತಿಲ್ಲದ ಸ್ಥಿತಿಯಲ್ಲಿಯೇ ಅವಳ ಸಂಗಡ ಇರುವದು. ಅವಳ ಸಕ್ಕರೆ ಬೇನೆಯ ಗುಳಿಗೆ ಮುಗಿದಿದೆಯೋ ನೋಡುವದು, ಹಬ್ಬದ ದಿವಸ ಹೋಳಿಗೆಯ ತಾಟನ್ನು ತಪ್ಪಿಸದಿರುವದು, ಮುತ್ತೈದೆಯರ ಕರೆಯಲ್ಲಿ ಅವಳ ಮನೆಯನ್ನು ದಾಟಿ ಹೋಗದಿರುವದು, ಅವನ ಹೆಸರನ್ನು ಬಾಯಿಬಿಟ್ಟು ಹೇಳಲು ಅಂಜದಿರುವದು: ಇಷ್ಟೇ ಆ ದಾರಿಯ ಹೆಜ್ಜೆಗಳು.

ಈ ಮಾತುಗಳು ಒಂದು ಮನೆಗೆ ಸಲ್ಲುವಂಥವಲ್ಲ. ಮಕ್ಕಳು ದೂರದಲ್ಲಿ, ಮುದುಕರು ಊರಲ್ಲಿ ಎಂಬ ಸ್ಥಿತಿಯು ಇನ್ನೂ ಬೆಳೆಯತಕ್ಕದ್ದು. ಆಯುಷ್ಯವೂ ಬೆಳೆಯುತ್ತಿದೆ, ಅದರೊಡನೆ ಮರೆವೂ ಬೆಳೆಯುವದು. ಮುಂದೆ ಯಾವ ಓಣಿಯಲ್ಲಿ ಯಾವ ಚಿಲಕವು ನಸುಕಿನಲ್ಲಿ ಸಪ್ಪಳ ಮಾಡುವದೋ ಹೇಳಬರುವದಿಲ್ಲ. ಅಂಗಿಯ ಒಳಜೇಬಿನಲ್ಲಿ ಹೆಸರು, ಊರು, ಮಗನ ನಂಬರು ಬರೆದ ಒಂದು ಚೀಟಿಯನ್ನು ಹೊಲಿದು ಬಿಡುವದು ಐದು ನಿಮಿಷದ ಕೆಲಸ. ಅಷ್ಟನ್ನು ಈ ವಾರವೇ ಮಾಡಬಹುದಾದ ಮನೆಗಳು ನಾಲ್ಕೂ ತಾಲೂಕುಗಳಲ್ಲಿ ಇವೆ.